ಹತ್ತನೆಯ ತಪ್ಪು

ಅತ್ತೆಯ ಮುಂದೆ ಜಂಬ ಕೊಚ್ಚಿಕೊಂಡ ಅಳಿಯನಿಗೆ ಶಿಕ್ಷೆ ತಪ್ಪಿದ್ದಲ್ಲ. ಕೆಲವರಿಗೆ ಬೇಗ ಆಗುತ್ತದೆ, ಕೆಲವರಿಗೆ ನಿಧಾನವಾಗಿ ಆಗುತ್ತದೆ, ಅಷ್ಟೇ. ನಮ್ಮ ತಪ್ಪಣ್ಣನ ಪಾಲಿನದು ಆಸ್ಪತ್ರೆಯ ಮೂಲೆ ಕೊಠಡಿಯೊಂದರಲ್ಲಿ, ಬಿಳಿ ಚಾದರ ಹೊದ್ದುಕೊಂಡು, ನಾಲ್ಕು ಚಕ್ರದ ಮೇಲೆ ಅವನಿಗಾಗಿಯೇ ಕಾದು ನಿಂತಿತ್ತು.

ತಪ್ಪಣ್ಣ ಅನ್ನೋದು ಹೆತ್ತವರು ಇಟ್ಟ ಹೆಸರಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿಯ ಅಣ್ಣ ಇಟ್ಟಿದ್ದು. ಈ ಭಾವ ವಿಮೆ ಕಂಪನಿಯ ಸರ್ವೇಯರು. ಗುದ್ದಿಸಿಕೊಂಡು ಬಂದ ಕಾರನ್ನು ತೋರಿಸಿದರೆ ಮೊದಲು ಮಾಲೀಕನ ಮುಖ ನೋಡುವ ಮನುಷ್ಯ. "ನಿಮ್ಮ ಕೆಲಸ ಏನು?" ಅಂತ ಅವನು ಕೇಳಿದ್ದಕ್ಕೆ ನಮ್ಮವನು, "ಬೇರೆಯವರು ಬರೆದ ಸಾಫ್ಟ್‌ವೇರಲ್ಲಿ ತಪ್ಪು ಹುಡುಕೋದು" ಅಂದಿದ್ದ. "ಅದಕ್ಕೆ ಸಂಬಳ ಬೇರೆ ಕೊಡ್ತಾರಾ? ನಮ್ಮಮ್ಮ ಎಷ್ಟೋ ವರ್ಷದಿಂದ ಬಿಟ್ಟಿ ಮಾಡ್ತಿದ್ದಾಳೆ" ಅಂದ ಭಾವ. ಅವತ್ತಿನಿಂದ ಹೆಸರು ಅಂಟಿಕೊಂಡಿತು. ಈಗ ಕೋಪ ಬಂದಾಗ ಹೆಂಡತಿಯೂ ಅದನ್ನೇ ಕರೆಯುತ್ತಾಳೆ.

ಬಚ್ಚಲ ಬಾಗಿಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಿದ್ದ ಅತ್ತೆಗೆ ಡಾಕ್ಟರು ಹೊಸ ಕೀಲು ಹಾಕಿದ್ದರು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಬೆಳಿಗ್ಗೆ ಅವರನ್ನು ಕೊಠಡಿಗೆ ತರುವ ಹೊತ್ತಿಗೆ ತಪ್ಪಣ್ಣ ಕೆಳಗಿನ ಅಂಗಡಿಯಿಂದ ಔಷಧಿ ತರಲು ಹೋಗಿದ್ದ. ಚೀಲ ಹಿಡಿದು ಮೇಲೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು, ಮುಖದಲ್ಲಿ ಗೆದ್ದ ಕಳೆ.

"ರೀ, ಕೇಳಿದ್ರಾ? ಕೈಯಲ್ಲಿ ಹಿಡಿ ತಿರುಗಿಸೋ ಹಳೇ ಮಂಚ ಕೊಡೋಕೆ ಬಂದಿದ್ರು. ನಾನು ಬಿಡ್ಲಿಲ್ಲ. ನಮ್ಮ ಯಜಮಾನರು ಕೈಯಾರೆ ಪರೀಕ್ಷೆ ಮಾಡಿರೋ ಮೋಟಾರು ಮಂಚ ನಿಮ್ಮಲ್ಲೇ ಇದೆಯಂತೆ, ಅದೇ ಬೇಕು ಅಂತ ಹಟ ಹಿಡಿದು ಹಾಕಿಸ್ಕೊಂಡೆ."

ತಪ್ಪಣ್ಣ ಒಳಗೆ ಇಣುಕಿದ. ಅತ್ತೆ ಮಲಗಿದ್ದರು. ಮಂಚದ ಅಡ್ಡಪಟ್ಟಿಯ ಮೇಲೆ ಅವನ ಕಂಪನಿಯ ನೀಲಿ ಗುರುತು ಇತ್ತು. ಪಕ್ಕದಲ್ಲಿ ನಿಂತಿದ್ದ ಡಾಕ್ಟರು ನರ್ಸಮ್ಮನಿಗೆ ಹೇಳುತ್ತಿದ್ದರು: "ಒಂದು ವಿಷಯ ಸರಿಯಾಗಿ ನೆನಪಿಟ್ಕೊಳ್ಳಿ. ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು. ಬಂದ್ರೆ ಹೊಸ ಕೀಲು ಜಾರುತ್ತೆ, ಮತ್ತೆ ಕೊಯ್ಯಬೇಕು. ಈ ವಯಸ್ಸಲ್ಲಿ ಎರಡನೇ ಸಲ ನಾನು ಕೈ ಹಾಕೋಕೆ ಇಷ್ಟಪಡಲ್ಲ."

ಆ ಮಂಚದ ಸಾಫ್ಟ್‌ವೇರಿನೊಳಗೆ ಎಲ್ಲೋ ಒಂದು ತಪ್ಪು ಕೂತಿತ್ತು. ಅದನ್ನು ಅಲ್ಲಿ ಕೂರಿಸಿದವನು ತಪ್ಪಣ್ಣನೇ. ಎಲ್ಲಿ ಕೂರಿಸಿದೆ ಅನ್ನೋದು ಮಾತ್ರ ಅವನಿಗೆ ಮರೆತುಹೋಗಿತ್ತು.

ಇದನ್ನು ಕೊಂಚ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನೀವು ಅವನನ್ನು ಬರೀ ದಡ್ಡ ಅಂದುಕೊಳ್ಳುತ್ತೀರಿ. ಅವನು ಓದಿಕೊಂಡ ದಡ್ಡ. ಕೆಲವು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅತ್ತೆ ಫೋನ್ ಮಾಡಿ, ಟಿವಿಯಲ್ಲಿ ದನಿ ಬರುತ್ತಿಲ್ಲ ಅಂದಿದ್ದರು. ಮುಖ ಊದಿಸಿಕೊಂಡು, ಬಾಗಿಲಲ್ಲೇ ಏನೇನೋ ಗೊಣಗಿಕೊಂಡು ಒಳಗೆ ಬಂದವನು ರಿಮೋಟಿನ ಒಂದು ಗುಂಡಿ ಒತ್ತಿ ದನಿ ಬರಿಸಿದ. ಇಷ್ಟು ಸಣ್ಣ ಕೆಲಸಕ್ಕೆ ಕರೆಸಿಕೊಂಡರಲ್ಲ ಅಂತ ತನ್ನ ದೊಡ್ಡಸ್ತಿಕೆ ತೋರಿಸುವ ಹುಕಿ ಬಂತು. ಅತ್ತೆ ಅಕ್ಕಿ ಆರಿಸುತ್ತಿದ್ದರು.

"ಅತ್ತೆ, ಇದರಲ್ಲಿ ಆರಿಸಿದ ಮೇಲೂ ಎಷ್ಟು ಕಲ್ಲು ಉಳಿದಿರುತ್ತೆ, ಹೇಳಿ ನೋಡೋಣ."

"ಊಟಕ್ಕೆ ಕೂತೋರ ಹಲ್ಲು ಹೇಳುತ್ತೆ."

"ಹಲ್ಲಿನ ತನಕ ಹೋಗಬಾರದು ಅಂತಲೇ ನಮ್ಮ ವಿದ್ಯೆ ಇರೋದು. ನಾನು ಬೇಕಂತಲೇ ಹತ್ತು ಕೆಂಪು ಕಲ್ಲು ಅಕ್ಕಿಗೆ ಹಾಕ್ತೀನಿ ಅಂದ್ಕೊಳ್ಳಿ. ಅದರಲ್ಲಿ ನಿಮಗೆ ಒಂಬತ್ತು ಸಿಕ್ಕಿದ್ರೆ, ನಿಜವಾದ ಕಲ್ಲಲ್ಲೂ ಹತ್ತಕ್ಕೆ ಒಂಬತ್ತು ಸಿಕ್ಕಿದೆ ಅಂತ ಲೆಕ್ಕ. ಸಿಕ್ಕಿದ್ದನ್ನ ನೋಡಿ ಸಿಗದೇ ಇರೋದನ್ನ ಹೇಳಿಬಿಡಬಹುದು. ಆಸ್ಪತ್ರೆ ಮಂಚದ ಸಾಫ್ಟ್‌ವೇರಿಗೂ ನಾನು ಹಾಗೇ ಮಾಡ್ತಿರೋದು."

ಅತ್ತೆ ಅಕ್ಕಿಯಿಂದ ಕಣ್ಣೆತ್ತಲಿಲ್ಲ. "ಇರಲಾರದೆ ಇರುವೆ ಬಿಟ್ಕೊಂಡ್ರಂತೆ" ಅಂದರು. ಅಲ್ಲೇ ಕೂತಿದ್ದ ಹೆಂಡತಿಗೆ ಮಾತ್ರ ಗಂಡನ ವಿದ್ಯೆ ಕೇಳಿ ಎದೆಯುಬ್ಬಿತು. ಆ ಉಬ್ಬಿದ ಎದೆಯೇ ಇವತ್ತು ಹಟ ಹಿಡಿದು ಈ ಮಂಚ ಹಾಕಿಸಿಕೊಂಡಿದ್ದು.

ಆಫೀಸಿನಲ್ಲಿ ತಪ್ಪಣ್ಣನ ಕೈಕೆಳಗೆ ತಪ್ಪು ಹುಡುಕುವವರು ಇಬ್ಬರು. ಅವನು ಬೇಕಂತಲೇ ಬಿತ್ತಿದ ತಪ್ಪು ಒಂದು ಸಿಕ್ಕರೆ ಒಂದು ಐಸ್‌ಕ್ರೀಂ ಅಂತ ಮ್ಯಾನೇಜರು ಆಸೆ ತೋರಿಸಿದ್ದರು. ಬಿತ್ತಿದ ಜಾಗವನ್ನು ಬರೆದಿಟ್ಟರೆ ಇಬ್ಬರೂ ಕದ್ದು ನೋಡುತ್ತಾರೆ ಅಂತ ತಪ್ಪಣ್ಣ ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡ. ಹಳೇ ಪ್ರತಿಯನ್ನೂ ಹೊಸ ಪ್ರತಿಯನ್ನೂ ಪಕ್ಕಪಕ್ಕ ಇಟ್ಟು ಕಂಡುಹಿಡಿದಾರು ಅಂತ ಹಳೇ ಪ್ರತಿಯನ್ನೇ ಅಳಿಸಿ ಹಾಕಿದ. ಮನೆಗೆ ಕಳ್ಳ ಬರಬಾರದು ಅಂತ ಬೀಗ ಹಾಕಿ ಕೀಲಿಯನ್ನು ಬಾವಿಗೆ ಎಸೆದ ಹಾಗಾಯಿತು.

ಪರೀಕ್ಷೆ ಮುಗಿಯಿತು. ಬಿತ್ತಿದ್ದರಲ್ಲಿ ಒಂಬತ್ತು ಸಿಕ್ಕಿದವು. ನಿಜವಾದ ತಪ್ಪು ಸಿಕ್ಕಿದ್ದು ಎರಡೇ. ಮ್ಯಾನೇಜರು ಹಿಗ್ಗಿ ಹೀರೇಕಾಯಿಯಾದರು. "ಅಂದ್ರೆ ಲೆಕ್ಕದ ಪ್ರಕಾರ ಇದರೊಳಗೆ ನಿಜವಾದ ತಪ್ಪು ಒಂದು ಪೂರ್ತಿಯೂ ಉಳಿದಿಲ್ಲ, ಕಾಲು ಭಾಗ ಉಳಿದಿದ್ರೆ ಹೆಚ್ಚು. ಆ ಹತ್ತನೇದನ್ನ ನೀವೇ ತೆಗೆದುಬಿಡಿ" ಅಂದರು. ತಪ್ಪಣ್ಣ ತೆಗೆಯಲು ಕೂತ. ತಲೆ ಕೆರೆದುಕೊಂಡ. ಕಾಫಿ ಕುಡಿದ. ಇನ್ನೊಂದು ಕುಡಿದ. ಹತ್ತನೆಯದು ಎಲ್ಲಿ ಅಂತ ಹೊಳೆಯಲೇ ಇಲ್ಲ. "ತೆಗೆದ್ರಾ?" ಅಂತ ಮ್ಯಾನೇಜರು ಬಾಗಿಲಿಂದ ಕೇಳಿದಾಗ, ಎಲ್ಲರೂ ನೋಡುತ್ತಿದ್ದರಲ್ಲ, "ತೆಗೆದೆ ಸರ್" ಅಂದುಬಿಟ್ಟ. ಮಂಚಗಳು ಲಾರಿ ಹತ್ತಿ ಹೋದವು. ಅದರಲ್ಲೊಂದು ಈಗ ಅವನ ಅತ್ತೆಯನ್ನು ಹೊತ್ತು ನಿಂತಿತ್ತು.

ಡಾಕ್ಟರು ಆಚೆ ಹೋಗುತ್ತಲೇ ನರ್ಸಮ್ಮ ಮಾತ್ರೆ ಕೊಡಲು ಬಂದರು. "ತಲೆ ಕಡೆ ಸ್ವಲ್ಪ ಎತ್ತೋಣ" ಅಂತ ಮಂಚಕ್ಕೆ ನೇತುಹಾಕಿದ್ದ ರಿಮೋಟಿಗೆ ಕೈ ಚಾಚಿದರು. ತಪ್ಪಣ್ಣ ಚೀಲ ಬಿಸಾಡಿ ಒಂದೇ ನೆಗೆತಕ್ಕೆ ಅದನ್ನು ಕಿತ್ತುಕೊಂಡ.

"ಬೇಡ ಸಿಸ್ಟರ್. ನಾನು ದಿಂಬು ಕೊಟ್ಟು ಎತ್ತುತ್ತೀನಿ."

"ಮೋಟಾರು ಇರುವಾಗ ದಿಂಬು ಯಾಕೆ?"

"ಮೋಟಾರು ಮೋಟಾರೇ, ಮಗನ ಸ್ಥಾನದಲ್ಲಿರೋನು ಕೈಯಾರೆ ಎತ್ತೋದೇ ಬೇರೆ" ಅಂದ. ಯಾಕೆ ಹಾಗಂದೆ ಅಂತ ಅವನಿಗೂ ಗೊತ್ತಾಗಲಿಲ್ಲ. ಎರಡು ದಿಂಬು ಒತ್ತಿ, ಅತ್ತೆಯ ತಲೆಯನ್ನು ತೋಳಲ್ಲಿ ಆನಿಸಿಕೊಂಡು ಮಾತ್ರೆ ನುಂಗಿಸಿದ. ಹೆಂಡತಿಯ ಕಣ್ಣು ಒದ್ದೆಯಾಯಿತು. ಅದೇ ಹೊತ್ತಿಗೆ ನೋಡಲು ಬಂದಿದ್ದ ಚಿಕ್ಕಮ್ಮ, ಅಂದರೆ ಅತ್ತೆಯ ತಂಗಿ, ಬಾಗಿಲಲ್ಲೇ ನಿಂತು ಕೈ ಮುಗಿದರು.

"ಅಕ್ಕಾ, ಪುಣ್ಯ ಮಾಡಿದ್ದೆ ನೀನು. ಅಳಿಯ ಅಂದ್ರೆ ಹೀಗಿರಬೇಕು" ಅಂದರು. ಅಷ್ಟಕ್ಕೆ ಬಿಡಲಿಲ್ಲ. ಹೊರಗೆ ಹೋಗಿ ತಮ್ಮ ಅಳಿಯನಿಗೆ ಫೋನ್ ಹಚ್ಚಿ, "ನನಗೆ ಹೋದ ವರ್ಷ ಕಣ್ಣಿನ ಆಪರೇಷನ್ ಆದಾಗ ನೀವು ಎಲ್ಲಿದ್ರಿ?" ಅಂತ ಶುರು ಮಾಡಿದರು. ಆ ಅಮಾಯಕ ಎಲ್ಲಿದ್ದನೋ, ಪಾಪ, ತಪ್ಪಣ್ಣನ ದೆಸೆಯಿಂದ ಅವನಿಗೂ ಆ ದಿನ ನೆಮ್ಮದಿ ಹೋಯಿತು.

ತಪ್ಪಣ್ಣ ಕುರ್ಚಿಯನ್ನು ಮಂಚಕ್ಕೆ ಅಂಟಿಸಿಕೊಂಡು, ರಿಮೋಟನ್ನು ಎರಡು ಕೈಯಲ್ಲೂ ಬಿಗಿಹಿಡಿದು ಕೂತ. ಪ್ಲಗ್ ತೆಗೆದುಬಿಡೋಣ ಅಂತ ಒಂದು ಸಲ ಬಗ್ಗಿದ. "ಅದನ್ನ ಮುಟ್ಟಬೇಡಿ, ನಮ್ಮನ್ನ ಕರೆಯೋ ಗುಂಡಿನೂ ಅದರಲ್ಲೇ ಇರೋದು" ಅಂತ ನರ್ಸಮ್ಮ ಗದರಿದರು. ನಿಜ ಹೇಳಿಬಿಡೋಣ ಅಂತಲೂ ಬಾಯಿ ತೆರೆದ. ಹೆಂಡತಿ ಅವನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಅವನನ್ನು ಅಷ್ಟು ಮೆಚ್ಚುಗೆಯಿಂದ ನೋಡಿದ್ದೇ ಅಪರೂಪ. ತೆರೆದ ಬಾಯಿ ಮುಚ್ಚಿಕೊಂಡಿತು.

ಮಧ್ಯಾಹ್ನ ಭಾವ ಬಂದ. ಭಾವ ಬಂದದ್ದು ಯಾವಾಗಲೂ ಮೊದಲೇ ಗೊತ್ತಾಗುತ್ತದೆ. ಯಾರ ಮನೆಗೆ ಹೋದರೂ ಬಾಗಿಲು ತೆರೆಯುವ ತನಕ ಬೆಲ್ಲಿನ ಮೇಲಿಂದ ಹೆಬ್ಬೆರಳು ತೆಗೆಯದ ಜಾತಿ ಅವನದು. ಇಲ್ಲಿ ಲಿಫ್ಟಿನ ಗುಂಡಿಯನ್ನು ಹಾಗೇ ಒತ್ತಿ ಹಿಡಿದಿದ್ದಕ್ಕೆ ಅದು ಅರಚಿಕೊಂಡದ್ದು ಕೊಠಡಿಯೊಳಗಿದ್ದವರಿಗೂ ಕೇಳಿಸಿತು. ಒಳಗೆ ಬಂದು ಅಮ್ಮನ ಹಣೆ ಮುಟ್ಟಿ ನೋಡಿ, ಆಮೇಲೆ ತಪ್ಪಣ್ಣನನ್ನೂ ಅವನ ಕೈಯ ರಿಮೋಟನ್ನೂ ದಿಟ್ಟಿಸಿದ.

"ಏನು ತಪ್ಪಣ್ಣನವರೇ, ಇದ್ದಕ್ಕಿದ್ದಂತೆ ಇಷ್ಟು ಸೇವೆ?"

"ಏನಿಲ್ಲ ಭಾವ. ಕರ್ತವ್ಯ."

"ಕರ್ತವ್ಯ" ಅಂತ ಭಾವ ಆ ಪದವನ್ನು ಗುದ್ದಿದ ಕಾರಿನ ಬಂಪರಿನಂತೆ ಎಲ್ಲ ಕಡೆಯಿಂದ ನೋಡಿದ. "ಅಮ್ಮ ಮನೆ ಯಾರ ಹೆಸರಿಗೆ ಬರೀಬೇಕು ಅಂತ ಯೋಚಿಸ್ತಿರೋದು ನಿಮ್ಮ ಕಿವಿಗೂ ಬಿದ್ದಿರಬೇಕು."

ತಪ್ಪಣ್ಣನಿಗೆ ಮನೆಯ ಮಾತು ತಲೆಗೇ ಹೋಗಲಿಲ್ಲ. ಅವನ ಕಣ್ಣೆಲ್ಲ ಭಾವನ ಹೆಬ್ಬೆರಳ ಮೇಲಿತ್ತು.

ಅತ್ತೆ ಕೆಮ್ಮಿದರು. ಬೆಳಗಿನಿಂದ ಅಂಗಾತ ಮಲಗೇ ಇದ್ದರು. ಡಾಕ್ಟರು ಮತ್ತೆ ಬಂದವರು ಎದೆಗೆ ಸ್ಟೆತಸ್ಕೋಪು ಇಟ್ಟು ಕೇಳಿ ಹುಬ್ಬು ಗಂಟಿಕ್ಕಿದರು. "ಇನ್ನೂ ಯಾಕೆ ಕೂರಿಸಿಲ್ಲ? ಹೀಗೇ ಮಲಗಿದ್ರೆ ಎದೆಯಲ್ಲಿ ಕಫ ಕಟ್ಟುತ್ತೆ. ದಿಂಬು ಸಾಲದು, ಮಂಚವನ್ನೇ ಎತ್ತಬೇಕು. ಸಂಜೆ ನಾನು ಬರೋ ಹೊತ್ತಿಗೆ ಕೂತಿರಬೇಕು."

ಮುಂದೆ ಹೋದರೆ ಹಳ್ಳ, ಹಿಂದೆ ಸರಿದರೆ ಕೊಳ್ಳ. ಮಂಚ ಎತ್ತಿದರೆ ಸೊಂಟ, ಎತ್ತದಿದ್ದರೆ ಎದೆ. ತಪ್ಪಣ್ಣ ರಿಮೋಟನ್ನು ಹೆಂಡತಿಯ ಕೈಗಿಟ್ಟು, "ನಾನು ಬರೋವರೆಗೂ ಯಾರಿಗೂ ಕೊಡಬೇಡ, ನಿನ್ನಣ್ಣನಿಗಂತೂ ಕೊಡಲೇಬೇಡ" ಅಂತ ಆಣೆ ಹಾಕಿಸಿಕೊಂಡು ಹೊರಗೋಡಿದ.

ಪಕ್ಕದ ಕೊಠಡಿ ಖಾಲಿಯಿತ್ತು. ಅಲ್ಲೂ ಅದೇ ಮಂಚ. ಬಾಗಿಲು ಮುಚ್ಚಿಕೊಂಡು, ಚಪ್ಪಲಿ ಬಿಟ್ಟು ಹತ್ತಿ ಮಲಗಿದ. ತಲೆ ಎತ್ತಿದ, ಇಳಿಸಿದ. ಕಾಲು ಎತ್ತಿದ, ಇಳಿಸಿದ. ಎರಡೂ ಗುಂಡಿ ಒಟ್ಟಿಗೆ ಒತ್ತಿದ. ಒತ್ತುತ್ತ ಒತ್ತುತ್ತ ಮಧ್ಯದಲ್ಲಿ ಬಿಟ್ಟ. ತನ್ನ ಆಯಸ್ಸಿನಲ್ಲಿ ಕಲಿತ ವಿದ್ಯೆಯನ್ನೆಲ್ಲ ಖರ್ಚು ಮಾಡಿದ. ಮಂಚ ಹೇಳಿದ ಮಾತು ಕೇಳುವ ಎಮ್ಮೆಯಂತೆ ಏಳು ಅಂದರೆ ಎದ್ದಿತು, ನಿಲ್ಲು ಅಂದರೆ ನಿಂತಿತು. ಒಂದು ತಪ್ಪೂ ಸಿಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ತಪ್ಪು ಸಿಗದೇ ಇದ್ದದ್ದಕ್ಕೆ ಅವನಿಗೆ ಅಳು ಬಂತು.

ಮಲಗಿದ್ದಲ್ಲಿಂದಲೇ ಆಫೀಸಿನ ಇಬ್ಬರು ಪರೀಕ್ಷಕರಲ್ಲಿ ಒಬ್ಬಳಿಗೆ ಫೋನ್ ಮಾಡಿದ. "ನೀವು ಕಂಡುಹಿಡಿದು ನನಗೆ ಹೇಳದೆ ಬಿಟ್ಟಿದ್ದು ಏನಾದ್ರೂ ಇದೆಯೇನಮ್ಮ? ನಾನು ಬಿತ್ತಿದ್ದು?"

"ನೀವು ಬಿತ್ತಿದ್ದನ್ನ ಬಿಡೋದುಂಟಾ ಸರ್? ಐಸ್‌ಕ್ರೀಂ ಇತ್ತಲ್ಲ. ಅದೂ ಅಲ್ದೆ, ನಿಮ್ಮವು ಹುಡುಕೋದು ಸುಲಭ. ಬೇರೆಯವರು ಬರೆದದ್ದು ಹೇಗೆಹೇಗೋ ಇರುತ್ತೆ. ಮಧ್ಯದಲ್ಲಿ ಎಲ್ಲಾದ್ರೂ ಚೊಕ್ಕಟವಾಗಿ, ಒಪ್ಪವಾಗಿ ಬರೆದ ಸಾಲು ಕಂಡ್ರೆ ಅದೇ ನಿಮ್ಮ ತಪ್ಪು. ನಾವಿಬ್ಬರೂ ಅಂಥ ಸಾಲುಗಳನ್ನಷ್ಟೇ ನೋಡ್ತಾ ಹೋದ್ವಿ."

"ಹಾಗಾದ್ರೆ ಮಿಕ್ಕಿದ್ದು?"

"ಮಿಕ್ಕಿದ್ದು ಅಂದ್ರೆ?"

ತಪ್ಪಣ್ಣ ಉತ್ತರ ಕೊಡುವ ಮೊದಲೇ ಬಾಗಿಲು ತೆರೆಯಿತು. ನರ್ಸಮ್ಮ ನಿಂತಿದ್ದರು. ಮಂಚದ ಮೇಲೆ ಎರಡು ಕಡೆಯಿಂದಲೂ ಮಡಚಿಕೊಂಡು, ಫೋನ್ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದ ಗಂಡಸನ್ನು ನೋಡಿ ಅವರು ದನಿ ತಗ್ಗಿಸಿದರು. "ಪಾಪ, ಇಷ್ಟೊಂದು ಹಚ್ಕೋಬಾರದು ಸರ್. ಅವರು ಹುಷಾರಾಗ್ತಾರೆ." ಆಮೇಲೆ ಹೋಗಿ ಮೂಲೆ ಕೊಠಡಿಯಲ್ಲಿ ಅದನ್ನು ಹಾಗೇ ವರದಿ ಮಾಡಿದರು. ಚಿಕ್ಕಮ್ಮ ಇನ್ನೊಂದು ಫೋನ್ ಮಾಡಲು ಹೊರಗೆ ಹೋದರು.

ತಪ್ಪಣ್ಣ ವಾಪಸು ಬರುವ ಹೊತ್ತಿಗೆ ಬಿಸಿಲು ಕಿಟಕಿಯಿಂದ ಇಳಿದಿತ್ತು. ಅತ್ತೆಯ ಕೆಮ್ಮು ಜೋರಾಗಿತ್ತು. ಪ್ರತಿ ಸಲ ಕೆಮ್ಮಿದಾಗಲೂ ಸೊಂಟ ಹಿಡಿದುಕೊಂಡು ಕಣ್ಣು ಮುಚ್ಚುತ್ತಿದ್ದರು. ಭಾವ ತಂಗಿಯ ಕೈಯಿಂದ ರಿಮೋಟು ಬಿಡಿಸಿಕೊಳ್ಳುತ್ತಿದ್ದ.

"ಭಾವ, ಬೇಡ."

"ನಮ್ಮಮ್ಮನ್ನ ಕೂರಿಸೋಕೆ ನಿಮ್ಮ ಅಪ್ಪಣೆ ಬೇಕಾ?"

"ಅಣ್ಣಾ, ಹಾಗನ್ಬೇಡ" ಅಂದಳು ಹೆಂಡತಿ. "ಅವರಿಗೆ ಅಮ್ಮನ ಮೇಲೆ ಎಷ್ಟು ಪ್ರೀತಿ ಅಂತ ಬೆಳಗಿನಿಂದ ನೋಡ್ತಿದ್ದೀನಿ."

"ಪ್ರೀತಿ ಅಮ್ಮನ ಮೇಲೋ ಅಮ್ಮನ ಮನೆ ಮೇಲೋ" ಅಂತ ಭಾವ ಹೆಬ್ಬೆರಳು ಎತ್ತಿದ.

"ಈ ಮಂಚದಲ್ಲಿ ಒಂದು ತಪ್ಪಿದೆ" ಅಂದ ತಪ್ಪಣ್ಣ. "ನಾನೇ ಇಟ್ಟಿದ್ದು. ಎಲ್ಲಿಟ್ಟೆ ಅಂತ ಮರೆತುಹೋಗಿದೆ. ತೆಗೆದೆ ಅಂತ ಆಫೀಸಲ್ಲಿ ಸುಳ್ಳು ಹೇಳಿದೆ. ಒತ್ತಿದ್ರೆ ತಲೆ ಏಳುತ್ತೋ ಕಾಲು ಏಳುತ್ತೋ ನನಗೆ ಗೊತ್ತಿಲ್ಲ."

ಒಳಗೆ ಬಂದಿದ್ದ ಚಿಕ್ಕಮ್ಮ ಅವನ ಬೆನ್ನ ಮೇಲಿಟ್ಟಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಹೆಂಡತಿ ಅವನನ್ನು ತಪ್ಪಣ್ಣ ಅಂತಲೂ ಕರೆಯಲಿಲ್ಲ. "ನಾನೇ ಹಟ ಹಿಡಿದು ಹಾಕಿಸ್ಕೊಂಡೆ ಇದನ್ನ" ಅಂತಷ್ಟೇ ಹೇಳಿ ಅಮ್ಮನ ಕಾಲ ಬಳಿ ಹೋಗಿ ನಿಂತಳು. ಅದಕ್ಕಿಂತ ಅವಳು ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು.

ಮೊದಲು ಮಾತಾಡಿದ್ದು ಅತ್ತೆ. "ಎಷ್ಟು ಇಟ್ಟಿದ್ರಿ?"

"ಹತ್ತು, ಅತ್ತೆ."

"ಎಣಿಸಿ."

ಅವನು ಶಾಲೆಯ ಹುಡುಗನಂತೆ ಬೆರಳು ಮಡಚುತ್ತ ಎಣಿಸಿದ. ದೀಪ ಹತ್ತದಿರೋದು ಒಂದು, ಶಬ್ದ ನಿಲ್ಲದಿರೋದು ಒಂದು, ಇಳಿಯೋ ಗುಂಡಿಗೆ ಏರೋದು ಒಂದು, ಕರೆದರೆ ಪಕ್ಕದ ಕೊಠಡಿಯ ನಂಬರು ತೋರಿಸೋದು ಇನ್ನೊಂದು. ಹೀಗೆ ಒಂಬತ್ತು ಬೆರಳು ಮಡಚಿದವು. ಎಡಗೈಯ ಕಿರುಬೆರಳು ಒಂದೇ ನೆಟ್ಟಗೆ ನಿಂತಿತು.

"ಅದೇ ಅತ್ತೆ ಮರೆತಿರೋದು."

"ಮರೆತಿಲ್ಲ. ನೀವು ಇಡಲೇ ಇಲ್ಲ" ಅಂದರು ಅತ್ತೆ, ಕೆಮ್ಮು ತಡೆದುಕೊಂಡು. "ಟಿವಿ ನೋಡೋಕೆ ಬಂದ ದಿನ ಬಾಗಿಲಲ್ಲಿ ನಿಂತು ಏನಂದ್ರಿ? 'ಒಂಬತ್ತು ಮುಗಿಸಿ ಹತ್ತನೇದಕ್ಕೆ ಕೈ ಹಾಕಿದ್ದೆ, ಸರಿಯಾಗಿ ಆಗಲೇ ಕರೆದ್ರಿ' ಅಂದ್ರಿ. ಮುಖ ಇಷ್ಟುದ್ದ ಮಾಡ್ಕೊಂಡು. ಇನ್ನೂ ಚಪ್ಪಲಿ ಸಹ ಬಿಟ್ಟಿರಲಿಲ್ಲ. ಮಾರನೇ ದಿನ ಹೋಗಿ ಇಟ್ರಾ?"

ತಪ್ಪಣ್ಣ ಯೋಚಿಸಿದ. ಮಾರನೇ ದಿನ ಬೆಳಿಗ್ಗೆಯೇ ಪರೀಕ್ಷೆ ಶುರುವಾಗಿತ್ತು. ಹತ್ತು ಅಂತ ಮ್ಯಾನೇಜರಿಗೆ ಮೊದಲೇ ಹೇಳಿಟ್ಟಿದ್ದ. "ಇಲ್ಲ" ಅಂದ. "ಇಡಲಿಲ್ಲ."

ಅತ್ತೆಯಂದಿರು ಅಳಿಯ ಮಾಡಿದ ಉಪಕಾರವನ್ನು ಮರೆತರೂ ಮರೆತಾರು, ಗೊಣಗಿದ್ದನ್ನು ಮರೆಯುವುದಿಲ್ಲ. ಆ ದಿನ ತಪ್ಪಣ್ಣನನ್ನು ಕಾಪಾಡಿದ್ದು ಅದೇ. ಹೋದ ಜೀವ ಬಂದಂತಾಗಿ ಅವನು ಮಂಚದ ಅಡ್ಡಪಟ್ಟಿ ಹಿಡಿದುಕೊಂಡ. ಚಿಕ್ಕಮ್ಮನ ಕೈ ಮತ್ತೆ ಬೆನ್ನಿಗೆ ಬಂತು. ಬಂದ ಜೀವದ ಜೊತೆಗೇ ಹಳೇ ಬುದ್ಧಿಯೂ ಬಂತು.

"ಹಾಗಾದ್ರೆ ಒಂಬತ್ತಕ್ಕೆ ಒಂಬತ್ತೂ ಸಿಕ್ಕಿದೆ" ಅಂದ, ಎದೆ ಸೆಟೆಸಿ. "ಲೆಕ್ಕದ ಪ್ರಕಾರ ಈ ಮಂಚದಲ್ಲಿ ಒಂದೇ ಒಂದು ತಪ್ಪೂ ಇಲ್ಲ. ಒತ್ತಿ ಭಾವ."

ಭಾವ ಒತ್ತಿದ. ತಲೆಯ ಕಡೆ ಮೆಲ್ಲಗೆ ಎದ್ದಿತು. ಅತ್ತೆ ಬೆಳಗಿನಿಂದ ಮೊದಲ ಸಲ ಎದ್ದು ಕೂತು, ದೀರ್ಘವಾಗಿ ಉಸಿರೆಳೆದುಕೊಂಡು, ಕಿಟಕಿಯ ಹೊರಗೆ ನೋಡಿದರು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಂಚ ಎಷ್ಟು ಏಳಬೇಕೋ ಅಷ್ಟು ಎದ್ದು ನಿಂತಿತು.

ಭಾವನ ಹೆಬ್ಬೆರಳು ಮಾತ್ರ ಗುಂಡಿಯ ಮೇಲೇ ಇತ್ತು.

ಮೋಟಾರಿನ ದನಿ ಬದಲಾಯಿತು. ಅತ್ತೆಯ ಮಂಡಿಯ ಅಡಿಯಲ್ಲಿದ್ದ ಮಂಚದ ಭಾಗ ನಿಧಾನಕ್ಕೆ ಮೇಲೇಳತೊಡಗಿತು.

"ಬೆರಳು ತೆಗೀರಿ ಭಾವ."

ಭಾವ ಬೆಚ್ಚಿ ರಿಮೋಟನ್ನೇ ಕೈಬಿಟ್ಟ. ಮಂಚ ನಿಲ್ಲಲಿಲ್ಲ. ಹೆಂಡತಿ ಎರಡೂ ಕೈಯಲ್ಲಿ ಅಮ್ಮನ ಮಂಡಿಯನ್ನು ಕೆಳಗೆ ಒತ್ತಿ ಹಿಡಿದಳು. ಮೋಟಾರು ಅವಳ ಕೈಯನ್ನೂ ಸೇರಿಸಿ ಎತ್ತಿತು. ಅತ್ತೆ ಹಲ್ಲು ಕಚ್ಚಿದರು. ತಪ್ಪಣ್ಣ ನೆಲಕ್ಕೆ ಬಿದ್ದು, ಮಂಚದಡಿ ತೆವಳಿ, ಗೋಡೆಯ ಪ್ಲಗ್ಗನ್ನು ತಂತಿಸಮೇತ ಕಿತ್ತ.

ಸದ್ದು ನಿಂತಿತು. ನರ್ಸಮ್ಮ ಓಡಿ ಬಂದು ಅತ್ತೆಯ ಕಾಲನ್ನು ಮಂಚದಿಂದ ಎತ್ತಿ ದಿಂಬಿನ ಮೇಲೆ ನೆಟ್ಟಗೆ ಇಳಿಸಿದರು. ಸೊಂಟ ಮುಟ್ಟಿ ನೋಡಿ, ಪಾದ ಅಲ್ಲಾಡಿಸಲು ಹೇಳಿದರು. ಪಾದ ಅಲ್ಲಾಡಿತು. "ಕೀಲು ಜಾರಿಲ್ಲ. ಇನ್ನು ನಾಲ್ಕು ಬೆರಳು ಎದ್ದಿದ್ರೆ ಜಾರ್ತಿತ್ತು" ಅಂದರು. ಭಾವ ತನ್ನ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡು ಕುರ್ಚಿಯಲ್ಲಿ ಕುಸಿದ.

"ಅಳಿಯಂದ್ರೇ" ಅಂದರು ಅತ್ತೆ, ಮಂಚದಡಿಗೆ ಕೇಳಿಸುವಂತೆ. "ಇದು ಯಾರು ಇಟ್ಟಿದ್ದು?"

"ಯಾರೂ ಇಟ್ಟಿದ್ದಲ್ಲ ಅತ್ತೆ."

"ಹಾಗಾದ್ರೆ ಇದು ಅಕ್ಕಿದೇ ಕಲ್ಲು."

ತಪ್ಪಣ್ಣ ಮಂಚದ ಕೆಳಗಿಂದ ಹೊರಗೆ ಬರಲಿಲ್ಲ. ಅಲ್ಲೇ ಮಲಗಿಕೊಂಡು ಮ್ಯಾನೇಜರಿಗೆ ಫೋನ್ ಮಾಡಿದ. ಸುಳ್ಳು ಹೇಳಿದ್ದನ್ನು ಹೇಳಿದ, ಪರೀಕ್ಷಕರಿಬ್ಬರೂ ಐಸ್‌ಕ್ರೀಮಿಗಾಗಿ ತನ್ನ ತಪ್ಪುಗಳನ್ನಷ್ಟೇ ಹುಡುಕಿದ್ದನ್ನು ಹೇಳಿದ, ಹೋದ ಮಂಚಗಳ ಪ್ಲಗ್ಗನ್ನೆಲ್ಲ ಈಗಿಂದೀಗಲೇ ತೆಗೆಸಬೇಕು ಅಂದ. ಆ ಕಡೆಯಿಂದ ಬಂದ ಬೈಗುಳ ಮೇಲಿದ್ದವರಿಗೂ ಕೇಳಿಸಿತು. ಕೊನೆಗೆ ಮ್ಯಾನೇಜರು ಸುಸ್ತಾಗಿ ಕೇಳಿದರು: "ಆಯ್ತು. ನಿಮ್ಮ ಲೆಕ್ಕದ ಪ್ರಕಾರ ಇನ್ನೆಷ್ಟು ಉಳಿದಿರಬಹುದು?"

"ಗೊತ್ತಿಲ್ಲ ಸರ್" ಅಂದ ತಪ್ಪಣ್ಣ.

ಅವನ ಬಾಯಿಂದ ಆ ಮಾತು ಬಂದಿದ್ದನ್ನು ಮನೆಯವರು ಕೇಳಿದ್ದು ಅದೇ ಮೊದಲು. ಹೆಂಡತಿ ಬಗ್ಗಿ ಮಂಚದಡಿಗೆ ನೋಡಿದಳು. ಧೂಳು ಮೆತ್ತಿಕೊಂಡ ಮುಖ ಕಂಡಿತು. ಸೆರಗಿನ ತುದಿಯನ್ನು ಅವನತ್ತ ಚಾಚಿದಳು, ಒರೆಸಿಕೊಳ್ಳಲಿ ಅಂತ.

"ಕೈಯಲ್ಲಿ ತಿರುಗಿಸೋ ಮಂಚ ತರಿಸ್ತೀನಿ" ಅಂತ ನರ್ಸಮ್ಮ ಹೊರಟರು. ತಪ್ಪಣ್ಣ ಏಳಲು ನೋಡಿದ. ಮೇಲಿಂದ ಅತ್ತೆಯ ದನಿ ಬಂತು.

"ಅದು ಬರೋವರೆಗೂ ಆ ಪ್ಲಗ್ಗನ್ನ ಕೈಯಿಂದ ಬಿಡಬೇಡಿ."

ತಪ್ಪಣ್ಣ ಬಿಡಲಿಲ್ಲ.